ಎಂಜಿನ್ನಿನ ಕಾಲದ ಬೋಗಿಗಳು

ಹೋದ ವಾರ ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದು ಆಟಿಕೆ ರೈಲು ನೋಡಿ ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು. ಹನೂರಿನಲ್ಲಿ ಒಂದು ಮಗುವಿನ ನಾಮಕರಣವಿತ್ತು. ಬರಿಗೈಯಲ್ಲಿ ಹೋಗಬಾರದೆಂದು ಏನಾದರೂ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಡಬ್ಬಿಯಿಂದ ರೈಲು ತೆಗೆದು ಮೇಜಿನ ಮೇಲಿಟ್ಟ. ಮುಂದೆ ಉದ್ದ ಹೊಗೆಕೊಳವೆಯ, ಕಲ್ಲಿದ್ದಲಿನ ಕಾಲದ ಕಪ್ಪು ಎಂಜಿನ್ನು. ಅದರ ಹಿಂದೆ, ಮೊನ್ನೆ ಮೊನ್ನೆ ಓಡಲು ಶುರುವಾದ ರೈಲಿನ ಹಾಗೆ ಬೆಳ್ಳಗೆ ಹೊಳೆಯುವ, ಗಾಜಿನ ಕಿಟಕಿಯ ಬೋಗಿಗಳು.

"ಇದು ಇದಕ್ಕೆ ಸೇರಕಿಲ್ಲ ಕಣಪ್ಪ" ಅಂದೆ.

"ಸೇರ್ತದೆ ಕಣಕ್ಕ, ಕೊಕ್ಕೆ ಅದೆ ನೋಡಿ" ಅಂತ ಅವನು ಸಿಕ್ಕಿಸಿಯೂ ತೋರಿಸಿದ.

ಕೊಕ್ಕೆಯ ಮಾತಲ್ಲಪ್ಪ, ಎಂಜಿನ್ನು ಮುತ್ತಾತನ ಕಾಲದ್ದು, ಬೋಗಿ ಮರಿಮಗನ ಕಾಲದ್ದು ಎಂದು ಹೇಳಹೋದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮಗೂಗೆ ಅದೆಲ್ಲ ಏನು ಗೊತ್ತಾಗುತ್ತೆ ಅನ್ನುವುದು ಅವನ ನೋಟ. ನಾನು ಒಂದು ಗಿಲಕಿ ಕೊಂಡು ಈಚೆ ಬಂದೆ. ಮನೆ ಸೇರುವ ತನಕ ಎದುರುಮನೆಯ ಗಾರ್ಡಯ್ಯನವರು ನನ್ನ ಜೊತೆಯಲ್ಲೇ ಗೊಣಗುತ್ತಾ ನಡೆದು ಬಂದಂತಿತ್ತು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು.

ನಮ್ಮದು ನೇಕಾರರ ಬೀದಿ. ಅವರು ಎದುರುಮನೆಗೆ ಬಂದದ್ದು ರಿಟೈರ್ ಆದ ಮೇಲೆ. ಹುಟ್ಟಿದ್ದು ಬಂಡಳ್ಳಿಯ ಒಂದು ಒಕ್ಕಲು ಮನೆಯಲ್ಲಿ. ಹೊಲ ಬಿಟ್ಟು ರೈಲ್ವೆ ಸೇರಿ, ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು ಬಾವುಟ ಬೀಸುತ್ತಲೇ ಆಯಸ್ಸು ಕಳೆದ ಗಾರ್ಡು. ಅಂಥವರು ಕೊನೆಗೆ ಬಂದು ನೆಲೆಸಿದ್ದು ರೈಲೇ ಇಲ್ಲದ ಕೊಳ್ಳೇಗಾಲದಲ್ಲಿ. ಚುನಾವಣೆ ಬಂದಾಗಲೆಲ್ಲ ನಮ್ಮೂರಿಗೆ ರೈಲೂ ಬರುತ್ತದೆ, ಚುನಾವಣೆ ಮುಗಿದ ಮಾರನೆಯ ದಿನ ಹೊರಟುಹೋಗುತ್ತದೆ. "ಯಾವಾಗ ಬಂದದು ಸಾ, ನಿಮ್ ರೈಲು?" ಎಂದು ಬೀದಿಯವರು ಅವರನ್ನು ರೇಗಿಸುತ್ತಿದ್ದರು. ಅವರು ಗಂಭೀರವಾಗಿ ಗಡಿಯಾರ ನೋಡಿಕೊಂಡು, "ಲೇಟಾಗದೆ" ಅನ್ನುತ್ತಿದ್ದರು.

ಅವರ ನಡುಮನೆಯ ಗೂಡಿನಲ್ಲಿ, ದೇವರ ಪಟಗಳ ಪಕ್ಕದಲ್ಲೇ, ಒಂದು ತಗಡಿನ ಎಂಜಿನ್ನು ಇತ್ತು. ಒಂದು ಗೇಣುದ್ದ. ಪಕ್ಕದಲ್ಲಿ ಕೀಲಿ ಕೊಡುವ ತೂತು, ನೆತ್ತಿಯ ಮೇಲೆ ಹಿತ್ತಾಳೆಯ ಗುಬ್ಬಿ, ಅಲ್ಲಲ್ಲಿ ಚಕ್ಕೆಯೆದ್ದ ಕಪ್ಪು ಬಣ್ಣ. ಯಾರೋ ದೊಡ್ಡ ಅಧಿಕಾರಿ ಮನೆ ಖಾಲಿ ಮಾಡುವಾಗ ಕಸದ ಜೊತೆ ಎಸೆದಿದ್ದರಂತೆ. ಸಾಮಾನು ತುಂಬಿಸಲು ಹೋದ ಇವರು ಕೇಳಿ ಪಡೆದುಕೊಂಡರಂತೆ. ಬೋಗಿಗಳು ಮಾತ್ರ ಆ ಮನೆಯಲ್ಲೂ ಇರಲಿಲ್ಲ. ಅದು ತಮ್ಮ ಅಪ್ಪನ ಕಾಲದ್ದು ಎನ್ನುವುದು ಅವರ ಲೆಕ್ಕಾಚಾರ. ಅಂಥ ಹೊಗೆಕೊಳವೆ, ಅಂಥ ಚಕ್ರ ಆಮೇಲೆ ಬರಲಿಲ್ಲವಂತೆ.

ಹನೂರಿಗೆ ಕೊಟ್ಟಿದ್ದ ಅವರ ಮಗಳು ಒಮ್ಮೆ ಮೈಸೂರಿನಿಂದ ನೀಲಿ ಪ್ಲಾಸ್ಟಿಕ್ಕಿನ ಬೋಗಿಗಳನ್ನು ತಂದುಕೊಟ್ಟಳು. ಪಾಪ, ಆಸೆಯಿಂದ ತಂದಿದ್ದಳು. ಅವರು ಒಂದು ಗಳಿಗೆ ಎಂಜಿನ್ನಿನ ಹಿಂದೆ ಇಟ್ಟು ನೋಡಿ, "ತಾತಂಗೆ ಮೊಮ್ಮಗನ್ ಚೆಡ್ಡಿ ಆಕ್ದಂಗದೆ ಕಣವ್ವ" ಎಂದು ವಾಪಸ್ಸು ಡಬ್ಬಿಗೆ ತುಂಬಿದರು. ಮಗಳು ಊಟ ಮಾಡದೆ ಹನೂರಿನ ಬಸ್ಸು ಹತ್ತಿದಳು. ಅವರ ಮನೆಯಾಕೆ, ನಾನು ದೊಡ್ಡಮ್ಮ ಅಂತ ಕರೆಯುತ್ತಿದ್ದವರು, ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ.

ಇದೆಲ್ಲ ನಡೆಯುವಾಗ ನಾನು ನಮ್ಮ ಮನೆ ಜಗಲಿಯ ಮೇಲೆ ಡಾಕ್ಟರು ಹೇಳಿದ್ದರೆಂದು ರಬ್ಬರ್ ಚೆಂಡು ಹಿಸುಕುತ್ತಾ ಕೂತಿದ್ದೆ. ಯಳಂದೂರಿನಿಂದ ಬರುವಾಗ ಬಸ್ಸಿನ ಬಾಗಿಲು ಬಡಿದು ನನ್ನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಜಜ್ಜಿಹೋಗಿದ್ದವು. ಮೂಳೆ ಕೂಡಿಕೊಂಡಿತು, ಬೆರಳು ಮಡಚಲಿಲ್ಲ. ಬೇರೆಯವರಿಗಾದರೆ ಇದ್ದ ಮೂರು ಬೆರಳಲ್ಲಿ ಬದುಕು ನಡೆಯುತ್ತಿತ್ತೇನೋ. ನಮ್ಮ ಮನೆಯ ಅನ್ನ ಇದ್ದದ್ದೇ ಆ ಎರಡು ಬೆರಳುಗಳಲ್ಲಿ. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸಬೇಕು. ಅದಕ್ಕೆ ನಾವು ಕೆಚ್ಚುವುದು ಎನ್ನುತ್ತೇವೆ. ಕೂದಲಿಗಿಂತ ಸಣ್ಣ ರೇಷ್ಮೆ ಎಳೆಗಳು, ಒಂದು ಸೀರೆಯ ಅಗಲಕ್ಕೆ ಸಾವಿರ ಸಾವಿರ. ಎಳೆ ಜಾರದಿರಲೆಂದು ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿಕೊಂಡು ಅವ್ವ ಮತ್ತು ನಾನು ಮನೆ ಮನೆಗೆ ಹೋಗಿ ಆ ಕೆಲಸ ಮಾಡುತ್ತಿದ್ದೆವು. ಈಗ ಅವ್ವ ಒಬ್ಬಳೇ ಹೋಗುತ್ತಿದ್ದಳು, ಅವಳ ಕಣ್ಣೂ ಮಂಜಾಗುತ್ತಿತ್ತು.

ಬೀದಿಯವರು ಒಳ್ಳೆಯವರೇ. ಬಂದವರೆಲ್ಲ ನನ್ನ ಕೈ ಹಿಡಿದು ನೋಡಿ "ಅಯ್ಯೋ ಪಾಪ, ಎಂಥಾ ಕೈ ಇತ್ತು" ಅನ್ನುತ್ತಿದ್ದರು. ಬದುಕಿರುವವಳ ಮುಂದೆ ತಿಥಿ ಊಟದ ಮಾತು ಕೇಳಿದಂತಾಗುತ್ತಿತ್ತು ನನಗೆ. ನೀರಿನ ಲೋಟ ಕೂಡ ನನ್ನ ಕೈಯಿಂದ ತೆಗೆದುಕೊಂಡು ತಾವೇ ಕುಡಿಸಲು ಬರುತ್ತಿದ್ದರು. ಒಮ್ಮೊಮ್ಮೆ ಆ ಚೆಂಡನ್ನು ಯಾರ ಮುಖಕ್ಕಾದರೂ ಎಸೆಯೋಣ ಅನಿಸುತ್ತಿತ್ತು.

ಗಾರ್ಡಯ್ಯನವರು ಒಂದು ಬೆಳಿಗ್ಗೆ ಬಂದವರು ನನ್ನ ಕೈ ಕಡೆ ನೋಡಲೇ ಇಲ್ಲ. "ಅಮ್ಮಿ, ಮಗ್ಗದ್ ಹಳೇ ಪಂಚ್ ಕಾರ್ಡ್ ಇದ್ರೆ ಕೊಡು" ಅಂದರು. ಸೀರೆಯ ಅಂಚಿನ ಹೂವು ಬಳ್ಳಿ ಮೂಡಿಸಲು ಮಗ್ಗದ ಮೇಲೆ ಸುತ್ತುವ, ತೂತು ಹೊಡೆದ ದಪ್ಪ ರಟ್ಟುಗಳು ಅವು. ಹಳೆಯವು ನಮ್ಮ ಅಟ್ಟದಲ್ಲಿ ರಾಶಿ ಬಿದ್ದಿದ್ದವು. ಕೊಟ್ಟೆ. ಕೆಲವು ದಿನದ ಮೇಲೆ ಅವರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಏನೋ ಹಿಡಿದುಕೊಂಡು ಬಂದರು. ಬೋಗಿಯಂತೆ. ಮಳೆಗೆ ನೆನೆದ ಬೆಲ್ಲದ ಡಬ್ಬಿಯ ಹಾಗೆ ಒಂದು ಮಗ್ಗುಲಿಗೆ ಕುಸಿದಿತ್ತು. ನಾನು ನಕ್ಕುಬಿಟ್ಟೆ. ಬೆರಳು ಜಜ್ಜಿದ ಮೇಲೆ ನಾನು ನಕ್ಕದ್ದು ಅದೇ ಮೊದಲು.

"ಇಷ್ಟು ಕೆಟ್ಟದಾಗಿ ನನ್ ಈ ಮುರುಕು ಕೈಲೂ ಮಾಡ್ಬೌದು, ದೊಡ್ಡಪ್ಪ" ಅಂದೆ.

"ಮಾಡು ಮತ್ತೆ" ಅಂದರು. ರಟ್ಟನ್ನೂ ಕತ್ತರಿಯನ್ನೂ ಅಲ್ಲೇ ಬಿಟ್ಟು ಎದ್ದು ಹೋದರು.

ಮಾಡಿದೆ. ಎಡಗೈಯಲ್ಲಿ ಕತ್ತರಿಸಿ, ಬಲಗೈಯನ್ನು ಬರೀ ಒತ್ತುಗಲ್ಲಿನ ಹಾಗೆ ಬಳಸಿ, ಗೋಂದು ಹಚ್ಚಿ ಒಂದು ಬೋಗಿ ನಿಲ್ಲಿಸಿದೆ. ರಟ್ಟಿನ ತೂತುಗಳೇ ಕಿಟಕಿ. ಮುಂದೆ ಒಂದು ಬಾಗಿಲು. ಹಿಂದುಗಡೆ ತಂತಿಯಲ್ಲಿ ಚೆಂದದ ಏಣಿ, ನೆತ್ತಿಯ ಮೇಲೆ ಸಾಮಾನು ಇಡಲು ಕಟಕಟೆ. ನನಗೇ ಹೆಮ್ಮೆಯಾಗಿ ಬೀದಿಯವರಿಗೆಲ್ಲ ತೋರಿಸಿದೆ. ಎಲ್ಲರೂ ಮೆಚ್ಚಿದರು. ಗಾರ್ಡಯ್ಯನವರು ಕನ್ನಡಕ ಏರಿಸಿ ನೋಡಿದರು, ತಿರುಗಿಸಿ ನೋಡಿದರು.

"ಇದ್ರಲ್ಲಿ ಕಂಡಕ್ಟ್ರು ಎಲ್ಲಮ್ಮಿ?" ಅಂದರು. "ಇದು ಹನೂರು ಬಸ್ಸು ಕಣಮ್ಮಿ. ರೈಲಿಗೆ ಎಲ್ಲಾರ ಏಣಿ ಇದ್ದದಾ?"

ಬೀದಿಯವರು ನನ್ನ ಪರ ನಿಂತರು. "ಏಣಿ ಇಲ್ದೆ ಗೂಡಿನ್ ಮೂಟೆ ಮೇಲಕ್ಕೆ ಎಂಗ್ ಸಾ ಏರಿಸದು?" ಎಂದು ರೇಷ್ಮೆಗೂಡಿನ ಮಂಡಿಗೆ ಮೂಟೆ ಹೊರುವವನೊಬ್ಬ ವಾದಕ್ಕೇ ಇಳಿದ. ಮೂಟೆ ಒಳಗೇ ಹಾಕುತ್ತಾರೆ, ಅದಕ್ಕೆ ಬೇರೆ ಡಬ್ಬಿ ಇರುತ್ತದೆ ಎಂದರೆ ಅವನು ನಂಬಲಿಲ್ಲ. ನಾವೆಲ್ಲ ಕಂಡದ್ದು ಬಸ್ಸು. ಬೋಗಿ ಮಾಡು ಎಂದರೆ ಕೈಗೆ ಬರುವುದೂ ಬಸ್ಸೇ. ಗಾರ್ಡಯ್ಯನವರು ಅದನ್ನು ನನ್ನ ಮುಂದಿಟ್ಟು, "ಬಿಚ್ಚು" ಅಂದರು. ನನ್ನ ಕೈ ಕೆಟ್ಟ ಮೇಲೆ ನಾನು ಮಾಡಿದ್ದನ್ನು ಸರಿಯಿಲ್ಲ ಎಂದು ಹೇಳಿದ ಮೊದಲ ಮನುಷ್ಯ ಅವರು. ಉರಿದುಹೋಯಿತು ನನಗೆ. ಬಿಚ್ಚಿದೆ.

ಆಮೇಲೆ ಶುರುವಾಯಿತು ಪಾಠ. ಈ ಎಂಜಿನ್ನಿನ ಕಾಲದಲ್ಲಿ ಬೋಗಿ ಕಬ್ಬಿಣದ್ದಲ್ಲ, ಮರದ್ದು. ಹಲಗೆಯ ಜೋಡಣೆ ಹೊರಗೆ ಕಾಣಬೇಕು. ಒಂದು ಬೋಗಿಯಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿಯಿಲ್ಲ, ಒಂದೊಂದು ಕೋಣೆಗೂ ಒಂದೊಂದು ಬಾಗಿಲು. ಬಾಗಿಲ ಕೆಳಗೆ ಬೋಗಿಯ ಉದ್ದಕ್ಕೂ ಕಾಲಿಡುವ ಹಲಗೆ. ನೆತ್ತಿಯ ಮೇಲೆ ದೀಪದ ಬುಡ್ಡಿ ಇಳಿಬಿಡುವ ಮುಚ್ಚಳಗಳು. ಕಿಟಕಿಗೆ ಗಾಜಿನ ಜೊತೆ ಮರದ ಪಟ್ಟಿಗಳ ಜಾಲರಿ, ಬಿಸಿಲು ಬರಬಾರದು, ಗಾಳಿ ಬರಬೇಕು. ಬಣ್ಣ ಹಚ್ಚಬಾರದು, ತೇಗದ ಮೈಗೆ ವಾರ್ನಿಷ್. ಹೇಳುತ್ತಾ ಹೇಳುತ್ತಾ ಅವರು ಎಲ್ಲಿಗೋ ಹೋಗಿಬಿಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಯಾರ್ಡಿನ ಮೂಲೆಯಲ್ಲಿ ಇಂಥ ಹಳೆಯ ಬೋಗಿ ಒಂದು ಗೆದ್ದಲು ಹಿಡಿದು ನಿಂತಿತ್ತಂತೆ. ಮಳೆ ಬಂದಾಗ ಅದರೊಳಗೆ ಕೂರುತ್ತಿದ್ದರಂತೆ. ಮರದ ವಾಸನೆ, ಬೀಡಿಯ ವಾಸನೆ…

ಒಂದು ದಿನ ದೊಡ್ಡಮ್ಮನನ್ನೂ ನನ್ನನ್ನೂ ಚಾಮರಾಜನಗರದ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಯಳಂದೂರಿನಲ್ಲಿ ಬಸ್ಸು ನಿಂತಾಗ ದೊಡ್ಡಮ್ಮ ಇಳಿದು ಕಡ್ಲೆಕಾಯಿ ತಂದರು. ಬಾಗಿಲು ಕಂಡರೇ ನನಗೆ ಆಗ ಮೈ ಜುಂ ಅನ್ನುತ್ತಿತ್ತು, ನಾನು ಇಳಿಯಲಿಲ್ಲ. ಸ್ಟೇಷನ್ನಿನಲ್ಲಿ ನಿಂತಿದ್ದ ರೈಲನ್ನು ನಾನು ಬಾಯಿ ಬಿಟ್ಟು ನೋಡುತ್ತಿದ್ದರೆ ಅವರು, "ಇದ್ನ ಪೂರ್ತಿ ನೋಡ್ಬ್ಯಾಡ ಕಣಮ್ಮಿ, ಇದು ಆಮೇಲಿಂದು. ಚಕ್ರ ನೋಡು, ಕೊಂಡಿ ನೋಡು, ಸಾಕು" ಎಂದು ಮಿಕ್ಕಿದ್ದನ್ನು ಕೈಯಿಂದ ಮರೆಮಾಡುತ್ತಿದ್ದರು. ರೈಲು ತೋರಿಸಲು ಕರೆದುಕೊಂಡು ಹೋಗಿ ರೈಲು ನೋಡಬೇಡ ಎಂದವರನ್ನು ನಾನು ಬೇರೆ ಎಲ್ಲೂ ಕಾಣೆ.

ಹಲಗೆಗೆ ಹಳೆಯ ತೇಗದ ಪೆಟ್ಟಿಗೆಯೊಂದನ್ನು ಬಡಗಿಯ ಹತ್ತಿರ ತೆಳ್ಳಗೆ ಸೀಳಿಸಿದೆವು. ಕಿಟಕಿಯ ಪಟ್ಟಿಗೆ ಏನು ಮಾಡುವುದು? ಬೆಂಕಿಕಡ್ಡಿ ದಪ್ಪವಾಯಿತು, ತೆಂಗಿನ ಗರಿಕಡ್ಡಿ ಡೊಂಕಾಯಿತು. ಕೊನೆಗೆ ಹೊಳೆದದ್ದು ನನಗೇ. ಅಟ್ಟದಲ್ಲಿ ನಮ್ಮಜ್ಜನ ಕಾಲದ ಹಣಿಗೆ ಇತ್ತು. ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ, ಬಿದಿರಿನ ಹಲ್ಲುಗಳ ಬಾಚಣಿಗೆಯಂಥ ಸಾಧನ ಅದು. ಅದರ ಕಟ್ಟು ಬಿಚ್ಚಿದರೆ ಕಾಗದದಷ್ಟು ತೆಳ್ಳನೆಯ, ನುಣುಪಾದ ಬಿದಿರ ಸೀಳುಗಳು. ಗಾರ್ಡಯ್ಯನವರು ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಆ ಕಾಲದ್ದೇಯ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಆ ಸೀಳನ್ನು ಎಡಗೈಯಲ್ಲಿ ಕೂರಿಸಲು ಆಗುತ್ತಿರಲಿಲ್ಲ. ಎಡಗೈ ಬೋಗಿ ಹಿಡಿದಿರಬೇಕು, ಬಲಗೈಯ ಹೆಬ್ಬೆರಳೂ ತೋರುಬೆರಳೂ ಸೇರಿ ಸೀಳನ್ನು ಓರೆಯಾಗಿ ತೂರಿಸಬೇಕು. ಹಿಡಿದರೆ ಬೀಳುತ್ತಿತ್ತು. ಮತ್ತೆ ಹಿಡಿದರೆ ಮತ್ತೆ ಬೀಳುತ್ತಿತ್ತು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಗಾರ್ಡಯ್ಯನವರು ಎದುರಿಗೇ ಕೂತಿರುತ್ತಿದ್ದರು. ಬಿದ್ದ ಸೀಳನ್ನು ಅವರು ಒಮ್ಮೆಯೂ ಎತ್ತಿಕೊಡಲಿಲ್ಲ. ಬೇರೆ ಯಾರೇ ಆಗಿದ್ದರೂ ಓಡಿಬಂದು ಎತ್ತಿಕೊಟ್ಟು, "ಬುಡವ್ವ, ಯಾಕ್ ಕಷ್ಟ" ಅನ್ನುತ್ತಿದ್ದರು. ಇವರು ಕೂರಿಸಿದ ಸೀಳನ್ನು ಮಾತ್ರ ನೋಡುತ್ತಿದ್ದರು. "ಮೇಲಿಂದು ವಾಲದೆ. ಬಿಚ್ಚು."

ಅವ್ವನಿಗೆ ಇದು ಹಿಡಿಸಲಿಲ್ಲ. "ಕೆಲ್ಸ ಇಲ್ದಿರೋ ಬಡಗಿ ಮಗನ್ ಕುಂಡೆ ಕೆತ್ತುದ್ನಂತೆ" ಎಂದು ಒಲೆಯ ಮುಂದೆ ಕೂತು ನಮ್ಮಿಬ್ಬರಿಗೂ ಕೇಳುವಂತೆ ಹೇಳುತ್ತಿದ್ದಳು. ಅವಳ ಸಂಕಟ ನನಗೆ ಗೊತ್ತಿತ್ತು. ಕಣ್ಣು ಕಾಣದೆ ಅವಳು ಎಳೆ ತಪ್ಪಿಸುತ್ತಿದ್ದಳು. ಒಂದಿಬ್ಬರು ನೇಕಾರರು ಆಗಲೇ ಬೇರೆಯವರನ್ನು ಕರೆಸಿಕೊಳ್ಳಲು ಶುರುಮಾಡಿದ್ದರು. ಅವ್ವನ ಕಣ್ಣು, ನನ್ನ ಕೈ… ಇಬ್ಬರದೂ ಹೋದರೆ ಮುಂದೆ ಹೇಗೆ ಎಂದು ನಾವು ಒಬ್ಬರಿಗೊಬ್ಬರು ಕೇಳಿಕೊಂಡದ್ದಿಲ್ಲ.

ಒಂದು ಬೋಗಿ ಮುಗಿಯಿತು. ಎರಡನೆಯದರ ಕಿಟಕಿಗಳಿಗೆ ಸೀಳು ಕೂರಿಸುತ್ತಿದ್ದ ಒಂದು ಮಧ್ಯಾಹ್ನ ಅವ್ವ ಕೆಲಸದಿಂದ ಬೇಗ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆಯದೆ, ನನ್ನ ಕೈಯನ್ನೇ ನೋಡುತ್ತಾ ಬಾಗಿಲಲ್ಲಿ ನಿಂತಳು. ಆಮೇಲೆ ಒಳಗೆ ಹೋಗಿ ಎರಡು ತುಂಡು ರೇಷ್ಮೆ ಎಳೆ ತಂದು, ನನ್ನ ತೊಡೆಯ ಮೇಲಿಟ್ಟಳು. ಪಕ್ಕದಲ್ಲಿ ಚಿಟಿಕೆ ಬೂದಿ.

ನನಗೆ ಬೇಡ ಅನ್ನಿಸಿತು. ಆಗದಿದ್ದರೆ? ಆಗುವುದಿಲ್ಲ ಎಂದು ಖಚಿತವಾಗುವುದಕ್ಕಿಂತ ಗೊತ್ತಿಲ್ಲದೆ ಇರುವುದೇ ವಾಸಿ ಅಲ್ಲವೆ? ಆದರೂ ಎರಡು ಎಳೆಗಳ ತುದಿ ಸೇರಿಸಿ, ಬೂದಿ ಮುಟ್ಟಿಸಿ, ಹೊಸೆದೆ. ಹೆಬ್ಬೆರಳು ಮಡಚಿತು. ಅವ್ವ ಎರಡೂ ಕಡೆ ಹಿಡಿದು ಎಳೆದಳು. ಜಾರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಜಾರಲಿಲ್ಲ. ಅವ್ವ ಅಲ್ಲೇ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಅಷ್ಟು ಸುಖವಾಗಿ ನಾನು ಜೀವನದಲ್ಲಿ ಯಾವತ್ತೂ ಅತ್ತಿಲ್ಲ.

ಓಡಿ ಹೋಗಿ ಎದುರುಮನೆಯಲ್ಲಿ ಹೇಳಿದೆ. ದೊಡ್ಡಮ್ಮ ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೆಟಿಕೆ ಮುರಿದರು. ಗಾರ್ಡಯ್ಯನವರು ಪೇಪರಿನಿಂದ ತಲೆಯೆತ್ತಿ, "ಒಳ್ಳೇದಾಯ್ತು. ಗಾರ್ಡ್ ಡಬ್ಬಿ ಯಾವತ್ತು ಶುರು ಮಾಡೀಯೆ?" ಅಂದರು.

"ಈ ಕೂಸು ಕೈ ಬಂತು ಅಂತ ಹೇಳ್ತಾ ಅದೆ, ನಿಮ್ದೊಂದು ಡಬ್ಬಿ!" ಎಂದು ದೊಡ್ಡಮ್ಮ ಗದರಿದರು.

"ಗಾರ್ಡ್ ಇಲ್ದೆ ಎಂಜಿನ್ ಹೋದ್ರೆ ಅದು ರೈಲಲ್ಲ ಕಣೆ. ಹಗ್ಗ ಕಿತ್ಕಂಡ ದನ" ಅಂದರು ಅವರು.

ಗಾರ್ಡ್ ಡಬ್ಬಿಯನ್ನು ನಾನು ಕೆಲಸಕ್ಕೆ ಹೋಗಿ ಬಂದ ಮೇಲೆ, ಸಂಜೆಯ ಹೊತ್ತು ಮಾಡಿದೆ. ಹಿಂಭಾಗದಲ್ಲಿ ಪುಟ್ಟ ಜಗಲಿ, ಪಕ್ಕಕ್ಕೆ ಇಣುಕಿ ನೋಡಲು ಚಾಚಿದ ಗೂಡು. ಎಷ್ಟು ಸಲ ಬಿಚ್ಚಿಸಿದರೋ ಲೆಕ್ಕವಿಲ್ಲ. ಅದು ಅವರೇ ನಿಂತು ಆಯಸ್ಸು ಕಳೆದ ಜಾಗವಲ್ಲವೆ. ಮುಗಿದ ದಿನ ನಡುಮನೆ ಗುಡಿಸಿ, ನೆಲದ ಮೇಲೆ ಎಂಜಿನ್ನು, ಎರಡು ಬೋಗಿ, ಗಾರ್ಡ್ ಡಬ್ಬಿ ಸಾಲಾಗಿ ಸಿಕ್ಕಿಸಿ ಕೀಲಿ ಕೊಟ್ಟರು. ಎಂಜಿನ್ನು ಗರ್ರ್ ಎಂದು ನಾಲ್ಕು ಬೆರಳು ಮುಂದೆ ಹೋಗಿ ನಿಂತುಬಿಟ್ಟಿತು. ತೇಗದ ಭಾರ, ಅದರ ಕೈಲಿ ಆಗಲಿಲ್ಲ. ಇದನ್ನೂ ಬಿಚ್ಚು ಅನ್ನುತ್ತಾರೆ ಎಂದುಕೊಂಡೆ. ಅವರು ನೆಲಕ್ಕೆ ಕೆನ್ನೆ ಒರಗಿಸಿ ಮಲಗಿ, ಒಂದು ಕಣ್ಣು ಮುಚ್ಚಿ, ಕಡೆಯ ಡಬ್ಬಿಯಿಂದ ಎಂಜಿನ್ನಿನ ತನಕ ಉದ್ದಕ್ಕೂ ನೋಡಿದರು. ಬಹಳ ಹೊತ್ತು ನೋಡಿದರು.

"ಓಡದೆ ಇದ್ರೆ ಬುಡು" ಅಂದರು. "ಜೊತೆ ಸರ್ಯಾಗದೆ."

ಅಷ್ಟೇ. ಅದಾದ ಮೇಲೆ ನಾನು ಎಷ್ಟು ಮಗ್ಗಗಳ ಹಾಸು ಕೆಚ್ಚಿದೆನೋ… ಅವ್ವನ ಕಣ್ಣಿನ ಆಪರೇಷನ್ ಮಾಡಿಸಿದೆ, ಮನೆಗೆ ತಾರಸಿ ಹಾಕಿಸಿದೆ. ಅವ್ವ ತನ್ನ ಕಾಲ ಮುಗಿಸಿ ಹೋದಳು. ಗಾರ್ಡಯ್ಯನವರು ಒಂದು ಬೆಳಿಗ್ಗೆ ಕಾಫಿಗೆ ಏಳಲಿಲ್ಲ. ದೊಡ್ಡಮ್ಮ ಮಗಳ ಮನೆಗೆ ಹೋದರು, ರೈಲೂ ಅವರ ಜೊತೆ ಹನೂರಿಗೆ ಹೋಯಿತು. ದೊಡ್ಡಮ್ಮನೂ ಈಗಿಲ್ಲ.

ಮೊನ್ನೆ ನಾಮಕರಣ ಇದ್ದದ್ದು ಆ ಮಗಳ ಮೊಮ್ಮಗುವಿಗೇ. ರೈಲು ಅವರ ಹಾಲಿನಲ್ಲಿ ಗಾಜಿನ ಬೀರುವಿನಲ್ಲಿದೆ. ಊಟವಾದ ಮೇಲೆ ನೆಂಟರೆಲ್ಲ ಸುತ್ತ ಸೇರಿದ್ದಾಗ ಮಗಳು ನನ್ನನ್ನು ತೋರಿಸಿ, "ಈಯಕ್ಕನ್ ಕೈ ಸರೋಗ್ಲಿ ಅಂತ ನಮ್ಮಪ್ಪ ಬೇಕೂಂತ್ಲೇ ಇದ್ನೆಲ್ಲ ಮಾಡುಸ್ದ್ರು. ಅಂಥಾ ಮನ್ಸ ನಮ್ಮಪ್ಪ" ಎಂದು ಕಣ್ಣೊರೆಸಿಕೊಂಡಳು. ಎಲ್ಲರೂ ನನ್ನ ಕೈ ನೋಡಿದರು. ನಾನು ಹೂಂಗುಟ್ಟಿದೆ. ಮಗಳು ಅಪ್ಪನ ಬಗ್ಗೆ ಹಾಗೆ ನೆನೆಯುವುದನ್ನು ನಾನೇಕೆ ಕೆಡಿಸಲಿ?

ನಿಜ ನನಗೆ ಗೊತ್ತು. ಅವರು ನನ್ನ ಕೈಗಾಗಿ ಏನನ್ನೂ ಮಾಡಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೋಗಿ, ಆ ಎಂಜಿನ್ನಿನ ಕಾಲದ ಬೋಗಿ. ಕರುಣೆಯಿಂದ ಮಾಡಿಸಿದ್ದರೆ ಮೊದಲ ಬಸ್ಸನ್ನೇ ಮೆಚ್ಚಿ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದರು, ನಾನು ಮತ್ತೆ ಜಗಲಿಗೆ ಹೋಗಿ ಚೆಂಡು ಹಿಸುಕುತ್ತಾ ಕೂರುತ್ತಿದ್ದೆ. ಊರೆಲ್ಲ ನನ್ನ ಕೈ ನೋಡುತ್ತಿದ್ದಾಗ ಅವರೊಬ್ಬರು ಕೆಲಸ ನೋಡಿದರು. ಅದಕ್ಕೇ ನಾನು ಅವರಿಗೆ ದಿನಾ ಕೈ ಮುಗಿಯುತ್ತೇನೆ.

ನೆಂಟರು ಎಲೆಯಡಿಕೆಗೆ ಎದ್ದು ಹೋದ ಮೇಲೆ ನೋಡಿದೆ, ಎರಡನೆಯ ಬೋಗಿಯ ಕಾಲುಹಲಗೆ ಒಂದು ಕಡೆ ಕಿತ್ತು ಜೋತಾಡುತ್ತಿತ್ತು. "ಯಾರ್ಗೂ ಕಾಣಲ್ಲ ಬುಡಕ್ಕ" ಅಂದಳು ಮಗಳು. ನಾನು ಗೋಂದು ಕೇಳಿದೆ. ಬೀರು ತೆಗೆಸಿ, ಕಿಟಕಿಯ ಬೆಳಕಿಗೆ ಕೂತು, ಹಲಗೆಯನ್ನು ಒತ್ತಿ ಕೂರಿಸಿದೆ. ನನ್ನ ಬೆರಳುಗಳಿಗೂ ಈಗ ವಯಸ್ಸಾಗಿದೆ. ಮುಗಿಸಿ, ಬೋಗಿಯನ್ನು ಎತ್ತಿ ಹಿಡಿದೆ, ಎದುರಿಗೆ ಯಾರೋ ಕೂತಿದ್ದಾರೆ ಎನ್ನುವ ಹಾಗೆ. ಬಿಚ್ಚು ಅನ್ನುವವರು ಇರಲಿಲ್ಲ.

ನಾನೇ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದೆ. ಒಂದು ಎಳೆಯಷ್ಟು ವಾಲಿತ್ತು. ಗೋಂದು ಒಣಗುವ ಮೊದಲೇ ಬಿಚ್ಚಿದೆ.